ಈ ತಿಂಗಳ ಕಾನ್ಸಲ್

ರೋಮನ್ನು ಆಳುವ ಕಾನ್ಸಲರು ಇಬ್ಬರು. ಅಧಿಕಾರದ ಗುರುತಾದ ಕೋಲುಕಟ್ಟು ಹೊತ್ತ ಭಟರು ಒಂದು ತಿಂಗಳು ಒಬ್ಬನ ಮುಂದೆ, ಮರುತಿಂಗಳು ಇನ್ನೊಬ್ಬನ ಮುಂದೆ ನಡೆಯುವುದು ಪದ್ಧತಿ. ಈ ತಿಂಗಳು ನೇವಿಯಸನ ಸರದಿ. ಅವನ ಠೀವಿ ನೋಡಿ ಇನ್ನೊಬ್ಬ ಕಾನ್ಸಲ್ ಫುಸ್ಕಸನಿಗೆ ಹೊಟ್ಟೆ ಉರಿದುಹೋಯಿತು. ಭಟರ ಮುಖ್ಯಸ್ಥನನ್ನು ಕರೆಸಿದ.

"ನಾನೂ ಕಾನ್ಸಲ್ಲೇ! ನಾಳೆಯಿಂದ ನನ್ನ ಮುಂದೆ ನಡಿ. ಇಲ್ಲದಿದ್ದರೆ ಚರ್ಮ ಸುಲಿಸ್ತೀನಿ!"

ನಡೆದರೆ ನೇವಿಯಸ್ ಸುಲಿಸುತ್ತಾನೆ. ಭಟ ಕೈಮುಗಿದ.

"ಆಗಲಿ ಬುದ್ಧಿ, ಅಪ್ಪಣೆ ಬರೆದುಕೊಡಿ. ಮುಂದಿನ ತಿಂಗಳು ನಿಮ್ಮ ಸರದಿಯಲ್ಲಿ ಅವರೂ ಹೀಗೇ ಕರೆದರೆ, ಇದನ್ನೇ ನಿಮಗೆ ತೋರಿಸಿ ಅವರ ಮುಂದೆ ನಡೀತೀನಿ."

ಬರೆಯಲು ಎತ್ತಿಕೊಂಡಿದ್ದ ಲೇಖನಿಯನ್ನು ಫುಸ್ಕಸ್ ಕೆಳಗಿಟ್ಟ. ಉರಿ ಮಾತ್ರ ಆರಲಿಲ್ಲ.

"ಹೋಗಲಿ, ಅವನ ಮುಂದೆ ಒಂಚೂರು ಕುಂಟಿಕೊಂಡು ನಡಿ. ಜನ ನಗಲಿ."

"ಕುಂಟ್ತೀನಿ ಬುದ್ಧಿ. ನಿಮ್ಮ ತಿಂಗಳು ಬರೋ ಹೊತ್ತಿಗೆ ಅದೇ ಅಭ್ಯಾಸವಾಗಿಬಿಟ್ಟರೆ?"

ಫುಸ್ಕಸ್ ಹಲ್ಲು ಕಡಿದ. "ನೆಟ್ಟಗೇ ನಡಿಯೋ, ಮಾರಾಯ!"