ಬರಿಮಡಿಲಿನ ಬಾಣಂತಿ

ಹುಣಸೆಕುಂಟೆಯ ಕ್ರೈಸ್ತರು ಒಬ್ಬ ಬಾಣಂತಿಯನ್ನು ಐವತ್ತೆಂಟು ದಿನ ದೇವರ ಬಾಗಿಲಿನ ಹೊರಗೆ ನಿಲ್ಲಿಸಿದರು. ಅವಳು ಕದ್ದಿರಲಿಲ್ಲ, ಸುಳ್ಳು ಹೇಳಿರಲಿಲ್ಲ, ಯಾರ ಮನೆಯನ್ನೂ ಕೆಡಿಸಿರಲಿಲ್ಲ. ಅವಳ ಮಗು ಸತ್ತಿತ್ತು, ಅಷ್ಟೇ. ನಿಲ್ಲಿಸಿದವರೆಲ್ಲ ಬೆಳಿಗ್ಗೆ ಸಂಜೆ ಜಪಸರ ಹಿಡಿಯುವ ಜನ. ಇದನ್ನು ಮುಚ್ಚಿಟ್ಟು ಪೂಜ್ಯ ಇನ್ನಾಸಿ ಸ್ವಾಮಿಗಳ ಮಹಿಮೆಯನ್ನು ಮಾತ್ರ ಹೇಳಿದರೆ ಅದು ಆ ಪುಣ್ಯಾತ್ಮರಿಗೆ ಮಾಡುವ ಅವಮಾನ.

ಆ ಊರಿನ ಪದ್ಧತಿ ಹೀಗಿತ್ತು. ಹೆರಿಗೆಯಾದ ಮೇಲೆ ನಲವತ್ತು ದಿನ ಬಾಣಂತಿ ಚರ್ಚಿನೊಳಗೆ ಕಾಲಿಡುವುದಿಲ್ಲ. ರೇಷ್ಮೆಹುಳು ಸಾಕುವ ಕೋಣೆಗೂ ಹೋಗುವುದಿಲ್ಲ. ನಲವತ್ತು ತುಂಬಿದ ಮೇಲೆ ಮಗುವನ್ನೆತ್ತಿಕೊಂಡು, ಹೊತ್ತಿಸಿದ ಮೇಣದಬತ್ತಿ ಹಿಡಿದು ಚರ್ಚಿನ ಹೊಸಿಲಾಚೆ ನಿಲ್ಲುತ್ತಾಳೆ. ಗುರುಗಳು ಬಂದು ತೀರ್ಥ ಚಿಮುಕಿಸಿ, ತಮ್ಮ ಕೊರಳಿನಿಂದ ಇಳಿಬಿದ್ದ ಪೂಜೆಯ ಪಟ್ಟಿಯ ತುದಿಯನ್ನು ಅವಳ ಕೈಗೆ ಕೊಟ್ಟು, ಮಗುವಿಗಾಗಿ ದೇವರಿಗೆ ಸ್ತೋತ್ರ ಹೇಳಲು ಪೀಠದವರೆಗೆ ನಡೆಸಿಕೊಂಡು ಹೋಗುತ್ತಾರೆ. ತವರಿಗೆ ಬಂದ ಮಗಳನ್ನು ಅಪ್ಪ ಒಳಗೆ ಕರೆದುಕೊಂಡ ಹಾಗೆ. ಇಷ್ಟು ಚೆಂದದ ಪದ್ಧತಿಗೆ ಊರಿನವರು ತಮ್ಮದೊಂದು ಬಾಲ ಸೇರಿಸಿದ್ದರು. ಮಗು ಉಳಿಯದವಳು ಆ ಸಾಲಿನಲ್ಲಿ ನಿಲ್ಲಬಾರದು. ಮುಂದೆ ಒಂದು ಹುಟ್ಟಿ ಉಳಿದರೆ ಅದನ್ನೆತ್ತಿಕೊಂಡು ಬರಲಿ. ಅಲ್ಲಿಯವರೆಗೆ ಬೇವಿನ ಮರದ ಕೆಳಗೆ ನಿಂತು ಪೂಜೆ ಕೇಳಲಿ. ಯಾವ ಗುರುಗಳೂ ಹೇಳಿದ ಮಾತಲ್ಲ ಇದು. ಗುರುಗಳು ತಿಂಗಳಿಗೊಮ್ಮೆ ಬರುವ ಊರಿನಲ್ಲಿ, ಉಳಿದ ದಿನ ಜಪ ನಡೆಸುವ ಉಪದೇಶಿ ಹೇಳಿದ್ದೇ ಕಟ್ಟಳೆ.

ಇನ್ನಾಸಿ ಸ್ವಾಮಿಗಳು ಆ ಸೀಮೆಗೆ ಬಂದು ಮೂರು ತಿಂಗಳಾಗಿತ್ತು. ಐದು ಊರಿಗೆ ಒಬ್ಬರೇ. ಒಂದು ಸೈಕಲ್ಲು, ಎರಡು ಅಂಗಿ, ಒಂದು ಕಂಬಳಿ. ಆ ಶನಿವಾರ ಮಧ್ಯಾಹ್ನ ಅವರು ಚರ್ಚಿನ ನೆರಳಲ್ಲಿ ನೆಲಕ್ಕೆ ಕೂತು, ನೀರಿನ ಬೋಗುಣಿಯಲ್ಲಿ ಟ್ಯೂಬು ಮುಳುಗಿಸಿ ಪಂಕ್ಚರ್ ಹುಡುಕುತ್ತಿದ್ದರು. ಆಗ ಬಂದಳು ಕಿತ್ತೇರಮ್ಮ, ಕೈಯಲ್ಲೊಂದು ಖಾಲಿ ಸೀಸೆ ಹಿಡಿದು. ಬೇವಿನ ಮರದಡಿ ನಿಲ್ಲುತ್ತಿದ್ದ ಅಮಲಮ್ಮನ ಅತ್ತೆ ಅವಳು.

“ಸ್ತೋತ್ರ ಸ್ವಾಮಿ. ಒಸಿ ತೀರ್ಥ ಬೇಕಾಗಿತ್ತು. ಹುಳ ನಾಕ್ನೇ ಜ್ವರಕ್ಕೆ ಕೂತವೆ.”

ಹುಳು ಪೊರೆ ಬಿಡಲು ಮೇವು ಬಿಟ್ಟು ಮಲಗುವುದಕ್ಕೆ ಅಲ್ಲಿ ಜ್ವರ ಎನ್ನುತ್ತಾರೆ. ಆ ಹೊತ್ತಿಗೆ ಮನೆಯವರ ಜೀವ ಕೈಯಲ್ಲಿರುತ್ತದೆ.

ಸ್ವಾಮಿಗಳು ಕೈ ಒರೆಸಿಕೊಂಡು ಎದ್ದು, ಸೀಸೆ ತುಂಬಿಸಿ, ಆಶೀರ್ವದಿಸಿ ಕೊಟ್ಟರು. ಆಮೇಲೆ ಕೇಳಿದರು: “ಹೋದ ತಿಂಗಳು ಮರದ ಕೆಳಗೆ ಒಬ್ಬಳು ಬಾಣಂತಿ ನಿಂತಿದ್ದಳು. ನಾಳೆ ಬಾಗಿಲಿಗೆ ಬರುತ್ತಾಳೆ ತಾನೆ?”

“ನನ್ನ ಸೊಸೆ ಕಣ್ ಸ್ವಾಮಿ ಅದು. ಅವಳು ಬರಂಗಿಲ್ಲ. ಕೂಸು ಮೂರು ದಿನಕ್ಕೇ ಹೋಯ್ತು.”

“ಹುಳುವಿಗೆ ಆಶೀರ್ವಾದ ಬೇಕು. ಸೊಸೆಗೆ ಬೇಡವೆ?”

ಕಿತ್ತೇರಮ್ಮನಿಗೆ ರೇಗಿತು. ಹೊಸಬರು, ಊರಿನ ನಡೆ ತಿಳಿಯದವರು. “ಆಶೀರ್ವಾದ ಇದ್ದಿದ್ರೆ ಕೂಸು ಉಳೀತಿತ್ತು. ಇಲ್ಲದ್ದನ್ನ ಇದೆ ಅಂತ ಬತ್ತಿ ಹಚ್ಕೊಂಡು ನಿಂತ್ರೆ ಜನ ನಗಲ್ವಾ? ನಾನೂ ನಿಂತಿದ್ದೆ ಅದೇ ಮರದ ಕೆಳಗೆ, ನಾಕು ವರ್ಷ. ನನ್ನ ಅಂತೋಣಿ ಹುಟ್ಟಿ ಉಳಿದ ಮೇಲೇ ಒಳಕ್ಕೆ ಬಂದದ್ದು. ನಾನೇನು ಸತ್ತೋದ್ನಾ?”

ಸ್ವಾಮಿಗಳು ಅವಳ ಮುಖವನ್ನೇ ನೋಡಿದರು. ಬಯ್ಯಲಿಲ್ಲ. ಉಪದೇಶವನ್ನೂ ಮಾಡಲಿಲ್ಲ. “ನಾಳೆ ಅವಳ ಜೊತೆಗೆ ನೀವೂ ಬನ್ನಿ” ಎಂದಷ್ಟೇ ಹೇಳಿ ಮತ್ತೆ ಟ್ಯೂಬಿನ ಮುಂದೆ ಕೂತರು.

ಮನೆಗೆ ಹೋದ ಕಿತ್ತೇರಮ್ಮ ಸೊಸೆಗೆ ಏನೂ ಹೇಳಲಿಲ್ಲ. ಹಿತ್ತಿಲ ಕಲ್ಲಿನ ಮೇಲೆ ಅಮಲಮ್ಮ ಕೂತಿದ್ದಳು. ಕುಪ್ಪಸದ ಎದೆ ಒದ್ದೆಯಾಗಿತ್ತು. ಕುಡಿಯುವ ಬಾಯಿ ಇಲ್ಲದಿದ್ದರೂ ಅವಳ ಹಾಲು ನಿಂತಿರಲಿಲ್ಲ. ಕಿತ್ತೇರಮ್ಮ ಒಮ್ಮೆ ನೋಡಿ ಮುಖ ತಿರುಗಿಸಿದಳು. ಆ ಒದ್ದೆ ಬಟ್ಟೆಯ ಭಾರ ಅವಳಿಗೆ ಗೊತ್ತಿತ್ತು. ಮೂವತ್ತೆಂಟು ವರ್ಷದ ಹಿಂದೆ ಅದೇ ಕಲ್ಲಿನ ಮೇಲೆ ಅವಳೂ ಹಾಗೇ ಕೂತಿದ್ದಳು.

ಭಾನುವಾರ ಹೊಸಿಲ ಮುಂದೆ ಇಬ್ಬರು ಬಾಣಂತಿಯರು ಮಕ್ಕಳನ್ನೆತ್ತಿ ನಿಂತಿದ್ದರು. ಸ್ವಾಮಿಗಳು ಇಬ್ಬರನ್ನೂ ಪೀಠಕ್ಕೆ ಕರೆದೊಯ್ದರು. ಜನ ಪೂಜೆಗೆ ಎದ್ದು ನಿಂತರು. ಸ್ವಾಮಿಗಳು ಪೀಠ ಏರಲಿಲ್ಲ. ತಿರುಗಿ ಬಾಗಿಲಿಗೆ ಬಂದರು, ಹೊಸಿಲು ದಾಟಿದರು, ಬಿಸಿಲಿಗೆ ಇಳಿದರು.

ಉಪದೇಶಿ ಬಾಲಪ್ಪ ಹಿಂದೆಯೇ ಓಡಿದ. “ಸ್ವಾಮಿ, ಇಬ್ರೇ. ಆಯ್ತಲ್ಲ. ಪೂಜೆಗೆ ಹೊತ್ತಾಯ್ತು.”

“ಮೂವರು” ಎಂದರು ಸ್ವಾಮಿಗಳು.

ಹೆಂಗಸರ ಕಡೆಯಿಂದ ಒಬ್ಬಳು ಕೇಳಿಸುವಂತೆಯೇ ಅಂದಳು: “ಬರಿಮಡಿಲಿಗೆ ಬತ್ತಿ ಬೇರೆ ಕೇಡು.”

ಬೇವಿನ ಮರದಡಿ ಅಮಲಮ್ಮ ತಲೆ ತಗ್ಗಿಸಿ ನಿಂತಿದ್ದಳು. ಐದು ಮಾರು ಹಿಂದೆ ಕಿತ್ತೇರಮ್ಮ. ಒಳಗೂ ಹೋಗದೆ, ಮನೆಗೂ ಹೋಗದೆ ಯಾಕೆ ಅಲ್ಲಿ ನಿಂತಳೋ ಅವಳಿಗೇ ತಿಳಿಯದು. ಸ್ವಾಮಿಗಳು ಕೊರಳ ಪಟ್ಟಿಯ ತುದಿಯನ್ನು ಅಮಲಮ್ಮನ ಮುಂದೆ ಹಿಡಿದರು. ಅವಳು ಮುಟ್ಟಲಿಲ್ಲ.

“ಅದು ಸ್ತೋತ್ರ ಹೇಳೋರಿಗೆ ಸ್ವಾಮಿ. ನಾನು ಯಾವುದಕ್ಕೆ ಹೇಳ್ಲಿ? ನನಗೆ ಅಳು ಬಿಟ್ರೆ ಏನೂ ಬರಲ್ಲ.”

“ಒಳಗೆ ಬಂದು ಅಳು ಮಗಳೇ. ನಿನ್ನ ತಂದೆಯ ಮನೆ ಅದು. ಮಗನನ್ನು ಕಳೆದುಕೊಳ್ಳುವುದು ಏನೆಂದು ಆತನಿಗೆ ಗೊತ್ತು.”

ಅಮಲಮ್ಮ ಪಟ್ಟಿಯ ತುದಿ ಹಿಡಿದಳು. ಮುಳುಗುವವಳು ಹಗ್ಗ ಹಿಡಿದಂತೆ ಎರಡೂ ಕೈಯಲ್ಲಿ ಹಿಡಿದಳು. ಸ್ವಾಮಿಗಳು ಪೀಠದ ಮುಂದೆ ನಿಂತು ಮಗುವಿನ ಹೆಸರು ಕೇಳಿದರು. ಸಾಯುವ ಮೊದಲು ಸೂಲಗಿತ್ತಿ ತಲೆಗೆ ಜ್ಞಾನಸ್ನಾನದ ನೀರು ಹಾಕಿ ಇಟ್ಟಿದ್ದ ಹೆಸರು. “ಮಿಕೇಲ” ಎಂದಳು. ಬದುಕಿದ್ದ ಎರಡು ಮಕ್ಕಳ ಹೆಸರಿನ ಜೊತೆಗೆ ಸ್ವಾಮಿಗಳು ಆ ಹೆಸರನ್ನೂ ಗಟ್ಟಿಯಾಗಿ ಹೇಳಿ ದೇವರನ್ನು ಸ್ತುತಿಸಿದರು.

ಆಮೇಲೆ ಮತ್ತೆ ಹೊರಗೆ ಬಂದರು. ಈ ಸಲ ಕಿತ್ತೇರಮ್ಮನ ಮುಂದೆ ನಿಂತರು.

“ನೀವು ಕಳೆದುಕೊಂಡ ಕೂಸಿನ ಹೆಸರೇನಮ್ಮ?”

ಮೂವತ್ತೆಂಟು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ಗಂಡ ಕೇಳಿರಲಿಲ್ಲ. ಮಗ ಅಂತೋಣಿಗೆ ತನಗಿಂತ ಮೊದಲು ಇಬ್ಬರಿದ್ದರೆಂಬುದೇ ಗೊತ್ತಿರಲಿಲ್ಲ. ಸ್ವಾಮಿಗಳು ಕಾದರು. ಒಳಗೆ ಜನ ಕಾದರು. ಬಾಲಪ್ಪನೂ ಕಾದ.

“ಒಬ್ಬಳು ತೆರೇಜ. ಇನ್ನೊಂದಕ್ಕೆ ಹೆಸರಿಡಾಕೆ ಬಿಡ್ಲಿಲ್ಲ ಸ್ವಾಮಿ. ಸತ್ತದ್ದಕ್ಕೆ ಯಾಕೆ ಅಂದ್ರು.”

“ನೀವು ಮನಸ್ಸಿನಲ್ಲಿ ಏನೆಂದು ಕರೆಯುತ್ತೀರಿ?”

“ಯಾಕೋಬ” ಎಂದಳು, ತಡೆಯದೆ. ಆ ಹೆಸರು ನಾಲಿಗೆಯ ತುದಿಯಲ್ಲೇ ಇತ್ತು. ದಿನವೂ ಸೊಪ್ಪು ಕೊಯ್ಯುವಾಗ, ಹುಳುವಿಗೆ ಹಾಸುವಾಗ ಒಳಗೊಳಗೇ ಕರೆದ ಹೆಸರು.

ಸ್ವಾಮಿಗಳು ಪಟ್ಟಿಯ ತುದಿ ಕೊಟ್ಟು ಅವಳನ್ನು ಪೀಠದವರೆಗೆ ನಡೆಸಿ ತೆರೇಜಳ ಹೆಸರು ಹೇಳಿದರು. ಅಲ್ಲಿಗೆ ಮುಗಿಯಿತೆಂದು ಅವಳು ಅಂದುಕೊಂಡಳು. ಸ್ವಾಮಿಗಳು ಅವಳನ್ನು ಮತ್ತೆ ಹೊಸಿಲಾಚೆ ಕರೆತಂದು, ಮತ್ತೆ ತೀರ್ಥ ಚಿಮುಕಿಸಿ, ಎರಡನೇ ಸಲ ಒಳಗೆ ನಡೆಸಿದರು. ಯಾಕೋಬನಿಗಾಗಿ. ಅರವತ್ತು ದಾಟಿದ ಕಿತ್ತೇರಮ್ಮ ಪೀಠದ ಮುಂದೆ ಕುಸಿದು ಕೂತು, ಇಪ್ಪತ್ತರ ಬಾಣಂತಿಯಂತೆ ಬಿಕ್ಕಿದಳು. ಪಕ್ಕದಲ್ಲಿ ಅಮಲಮ್ಮ ಇದ್ದಳು. ಸೊಸೆಯ ತಲೆಯನ್ನು ಅತ್ತೆ ತನ್ನ ಎದೆಗೆ ಒತ್ತಿಕೊಂಡಳು. “ತಪ್ಪಾಯ್ತು ಕಣವ್ವ” ಎಂದಳು.

ಹೆಂಗಸರ ಸಾಲಿನಿಂದ ಒಬ್ಬ ಮುದುಕಿ ಎದ್ದು ಹೊರಗೆ ಹೋಗಿ ಹೊಸಿಲ ಮುಂದೆ ನಿಂತಳು. ಇನ್ನೊಬ್ಬಳು ಎದ್ದಳು. ಮೂರನೆಯವಳು ಬಾಲಪ್ಪನ ಹೆಂಡತಿ. ಬಾಲಪ್ಪ ತಡೆಯಲಿಲ್ಲ, ಗೋಡೆಗೆ ಒರಗಿ ಅವನೂ ಅಳುತ್ತಿದ್ದ. ಅವಳ ಸತ್ತ ಕೂಸು ಅವನದೂ ಅಲ್ಲವೇ? ಅಂದು ಪೂಜೆ ಶುರುವಾದಾಗ ಸೂರ್ಯ ನೆತ್ತಿಗೆ ಬಂದಿದ್ದ.

ಆ ಸಂಜೆ ಕಿತ್ತೇರಮ್ಮ ಸೊಸೆಯ ಕೈಹಿಡಿದು ಹುಳುಮನೆಗೆ ಕರೆದುಕೊಂಡು ಹೋದಳು. ಆ ಸಲ ರೇಷ್ಮೆಗೂಡು ಚೆನ್ನಾಗಿ ಬಂತೇ ಎಂದು ಕೇಳುವವರಿದ್ದಾರೆ. ನಾನು ಹೇಳುವುದಿಲ್ಲ. ಗೂಡು ಬಂದರೆ ಆಶೀರ್ವಾದ, ಬಾರದಿದ್ದರೆ ಶಾಪ ಎಂಬ ಆ ಲೆಕ್ಕವೇ ಒಬ್ಬ ತಾಯಿಯನ್ನು ನಾಲ್ಕು ವರ್ಷ ಹೊರಗೆ ನಿಲ್ಲಿಸಿತು. ಶಿಲುಬೆಯ ಮೇಲೆ ಸತ್ತವನನ್ನು ಪೂಜಿಸುವ ನಮಗೆ, ಸೋತವರ ಮನೆಯಲ್ಲಿ ದೇವರಿಲ್ಲ ಎನ್ನಲು ನಾಲಿಗೆ ಹೇಗೆ ಹೊರಳುತ್ತದೆ?

ನಿಮ್ಮ ಬೀದಿಯಲ್ಲೂ ಒಬ್ಬಳಿದ್ದಾಳೆ. ಮದುವೆಗೆ, ನಾಮಕರಣಕ್ಕೆ ನೀವು ಕರೆಯದೆ ಬಿಟ್ಟವಳು. ಅವಳಿಗಾಗಿ ಮೊಣಕಾಲೂರಿ ಪ್ರಾರ್ಥಿಸಿ ಕೈತೊಳೆದುಕೊಳ್ಳಬೇಡಿ. ಎದ್ದು ಅವಳ ಮನೆಗೆ ಹೋಗಿ. ಸತ್ತ ಮಗುವಿನ ಹೆಸರು ಕೇಳಿ. ಬರುವ ಭಾನುವಾರ ಅವಳ ಕೈಹಿಡಿದು ಕರೆತಂದು ಚರ್ಚಿನ ಮೊದಲನೇ ಸಾಲಿನಲ್ಲಿ, ನಿಮ್ಮ ಪಕ್ಕದಲ್ಲೇ ಕೂರಿಸಿಕೊಳ್ಳಿ.