ಎರಡು ಚರ್ಮದ ಮರಿ

ಆ ಹುಲ್ಲುಗಾವಲಿನಲ್ಲಿ ಮೂರು ಹರಿದಾರಿ ನಡೆದರೂ ಇನ್ನೊಂದು ಕುರಿಮಂದೆ ಸಿಗುವುದಿಲ್ಲ. ಅಲ್ಲಿ ಕುರಿಗಾರ ಮಾಳಿಂಗಪ್ಪನ ಕೆಂಚಿ ಎಂಬ ಕುರಿಯ ಮರಿ ಸತ್ತಿತು. ಅದರ ಹಿಂದಿನ ದಿನ ಬೇರೊಂದು ಮರಿಯ ತಾಯಿ ಸತ್ತಿತ್ತು. ಕುರಿ ತನ್ನ ಮರಿಯನ್ನು ವಾಸನೆಯಿಂದ ಗುರುತಿಸುತ್ತದೆ, ಬೇರೆ ಮರಿಗೆ ಹಾಲು ಕೊಡುವುದಿಲ್ಲ. ಅದಕ್ಕೆ ಮಾಳಿಂಗಪ್ಪ ಕಸುಬಿನ ಹಳೆಯ ಉಪಾಯ ಹೂಡಿದ. ಸತ್ತ ಮರಿಯ ಚರ್ಮ ಸುಲಿದು ತಬ್ಬಲಿಯ ಬೆನ್ನಿಗೆ ಕಟ್ಟಿ, ಕೆಂಚಿಯ ಮುಂದೆ ಬಿಟ್ಟು, ಬೇಲಿಯ ಆಚೆ ಹೆಂಡತಿಯೊಡನೆ ಕಾದು ಕೂತ.

ಕೆಂಚಿ ಮರಿಯನ್ನು ಮೂಸಿ ನೋಡಿತು. "ವಾಸನೆ ನನ್ನ ಮಗನದು. ದನಿ ಯಾರದು?"

"ನೆಗಡಿಯಾಗಿದೆ, ಅವ್ವ."

"ಕಾಲು ಉದ್ದವಾಗಿವೆ. ಅದೂ ನೆಗಡಿಯಿಂದಲೇ?"

ಮರಿ ಕಾಲು ಮಡಚಿ ಕುಗ್ಗಿ ನಿಂತಿತು.

"ನನ್ನ ಮಗನಿಗೆ ಇದ್ದದ್ದು ಒಂದೇ ಚರ್ಮ. ನಿನಗೆ ಎರಡಿವೆ. ನಿಜ ಹೇಳು, ಇಲ್ಲವಾದರೆ ಒದೆಯುತ್ತೇನೆ."

"ನಾನು ನಿನ್ನ ಮಗನಲ್ಲ. ನಿನ್ನೆಯಿಂದ ಹಾಲು ಕುಡಿದಿಲ್ಲ. ಈ ಮಂದೆಯಲ್ಲಿ ಮರಿಯಿಲ್ಲದೆ ಹಾಲಿರುವುದು ನಿನಗೊಬ್ಬಳಿಗೇ. ಈ ಚರ್ಮ ನಾನು ಕೇಳಿ ಹಾಕಿಸಿಕೊಂಡದ್ದಲ್ಲ, ವಿಪರೀತ ತುರಿಸುತ್ತದೆ."

ಕೆಂಚಿ ಆ ಚರ್ಮವನ್ನು ಇನ್ನೊಮ್ಮೆ ಮೂಸಿ, ಹಿಂಗಾಲು ಅಗಲಿಸಿ ನಿಂತಿತು. ಮರಿ ಕೆಚ್ಚಲಿಗೆ ಬಾಯಿ ಹಾಕಿತು.

ಬೇಲಿಯ ಆಚೆ ಮಾಳಿಂಗಪ್ಪ ತೊಡೆ ತಟ್ಟಿಕೊಂಡ. "ನೋಡಿದೆಯಾ ಹೊನ್ನವ್ವ, ಕುರಿಗೆ ಬುದ್ಧಿ ಎಲ್ಲಿಂದ ಬರಬೇಕು? ನಂಬಿಬಿಟ್ಟಿತು."

ಮರಿ ಕೆಚ್ಚಲಿನಿಂದ ಬಾಯಿ ತೆಗೆದು ಕೇಳಿತು, "ನಿನಗೆ ಗೊತ್ತಾಗಿದೆ ಎಂದು ಅವನಿಗೆ ತಿಳಿಸುವುದಿಲ್ಲವೇ?"

"ಬಾಯಿ ಮುಚ್ಚಿಕೊಂಡು ಕುಡಿ," ಎಂದಿತು ಕೆಂಚಿ. "ಗೊತ್ತಿದ್ದೂ ಹಾಲು ಕೊಡುತ್ತೇನೆ ಎಂದು ತಿಳಿದರೆ, ನಾಳೆ ಇನ್ನೆರಡು ಮರಿ ತಂದು ಬಿಡುತ್ತಾನೆ. ಚರ್ಮ ಕಟ್ಟಿ ತರುವಷ್ಟು ಮರ್ಯಾದೆಯನ್ನೂ ಕೊಡುವುದಿಲ್ಲ."