ಜಾಗ ಬದಲಿಸಿದ ಕೋಟೆ

ಗುಡ್ಡದ ಕಾಡಿನಲ್ಲಿ ಕಾಲುದಾರಿ ಕವಲೊಡೆಯುವ ಕಡೆ ‘ಕೋಟೆಗೆ ದಾರಿ’ ಎಂದು ಬರೆದ ಮರದ ಫಲಕವೊಂದಿತ್ತು. ಒಮ್ಮೆ ಗಾಳಿಮಳೆಗೆ ಕಂಬ ತಿರುಗಿ, ಅದರ ಬಾಣದ ಗುರುತು ಕಣಿವೆಯ ಹೊಳೆಯತ್ತ ನಿಂತಿತು. ಅಲ್ಲೇ ವಾಸವಾಗಿದ್ದ ಮೊಲಕ್ಕೆ ಕಳವಳವಾಯಿತು.

“ಫಲಕರಾಯರೇ, ನೀವು ತಿರುಗಿಬಿಟ್ಟಿದ್ದೀರಿ,” ಎಂದಿತು.

“ನಾನು ತಿರುಗುವವನಲ್ಲ. ಕೋಟೆಯೇ ಜಾಗ ಬದಲಿಸಿರಬೇಕು,” ಎಂದಿತು ಫಲಕ.

ಅಷ್ಟರಲ್ಲಿ ಕೋಟೆ ನೋಡಲೆಂದು ನವಿಲೊಂದು ಬಳಗದ ಸಮೇತ ಬಂತು.

“ಆ ಕಡೆ ಹೊಳೆಯಿದೆ, ಸೆಳೆತ ಜೋರು. ಹೋಗಬೇಡಿ,” ಎಂದು ಮೊಲ ಬೇಡಿಕೊಂಡಿತು.

“ಫಲಕರಾಯರ ಮೈಮೇಲೆ ಅಕ್ಷರವಿದೆ. ನಿನ್ನ ಮೈಮೇಲೆ ಬರೀ ಕೂದಲು,” ಎಂದ ನವಿಲು, ಬಳಗವನ್ನು ನಿಲ್ಲಿಸಿ ತಾನೇ ಮೊದಲು ನೋಡಿಬರಲು ಕಣಿವೆಗಿಳಿಯಿತು.

ಬಹಳ ಹೊತ್ತಿನ ಮೇಲೆ ಅದು ಏದುಸಿರು ಬಿಡುತ್ತಾ ಹತ್ತಿ ಬಂತು. ಮೈಯೆಲ್ಲ ಕೆಸರು, ಗರಿಗಳಲ್ಲಿ ಅರ್ಧ ಹೊಳೆಯ ಪಾಲಾಗಿದ್ದವು.

“ಕೋಟೆ ಹೇಗಿತ್ತು?” ಎಂದು ಫಲಕ ಕೇಳಿತು.

ನವಿಲು ಒಮ್ಮೆ ಮೊಲವನ್ನು ನೋಡಿತು, ಒಮ್ಮೆ ಬಳಗವನ್ನು ನೋಡಿತು.

“ಭವ್ಯವಾಗಿತ್ತು,” ಎಂದಿತು. “ಕಂದಕದಲ್ಲಿ ಮಾತ್ರ ನೀರು ಸ್ವಲ್ಪ ಜಾಸ್ತಿ.”

ಬಳಗವೆಲ್ಲ ಸಂಭ್ರಮದಿಂದ ಕಣಿವೆಯತ್ತ ನುಗ್ಗಿತು. ಮೊಲ ತುಳಿತಕ್ಕೆ ಸಿಗದಂತೆ ಪಕ್ಕಕ್ಕೆ ಸರಿದು ನಿಂತಿತು.